ಹತ್ತು ಸಮಸ್ತರು

ಬರುತ್ತೇನೆ ಬರುತ್ತೇನೆ ಎಂದು ಹತ್ತು ವರ್ಷ ಹೇಳುತ್ತಲೇ ಇದ್ದ ಮಂಡ್ಯದ ಕಡೆಯ ಗೆಳೆಯ ಕೊನೆಗೂ ಹೋದ ವರ್ಷ ತುಳುವಿನ ಪೆರಾರ್ದೆ ತಿಂಗಳಲ್ಲಿ, ನಮ್ಮ ಗ್ರಾಮದ ದೈವದ ನೇಮಕ್ಕೆ ಸರಿಯಾಗಿ ಬಂದ. ಸಿದ್ಧಕಟ್ಟೆಯಲ್ಲಿ ಅವನನ್ನು ಬಸ್ಸಿನಿಂದ ಇಳಿಸಿಕೊಂಡು ವೇಣೂರಿನ ಮಾರ್ಗದಲ್ಲಿ ಸ್ವಲ್ಪ ದೂರ ರಿಕ್ಷಾದಲ್ಲಿ ಹೋದೆವು. ಅಲ್ಲಿಂದ ನಡೆದೇ ಹೋಗೋಣ ಎಂದು ಹಟ ಹಿಡಿದವನು ನಾನೇ. ರಬ್ಬರ್ ತೋಟದ ಬದಿಯ ಮಣ್ಣುದಾರಿ, ಒಂದು ತಡಮೆ, ಅಡಿಕೆ ತೋಟದ ತಂಪು, ತೋಡಿಗೆ ಹಾಕಿದ ಸಂಕ, ಏಣೆಲು ಕೊಯ್ದು ಮುಗಿದ ಗದ್ದೆಯ ಕಟ್ಟಪುಣಿ, ಮತ್ತೆ ಗುಡ್ಡೆ. ಮುಕ್ಕಾಲು ಗಂಟೆ ನಡೆದ ಮೇಲೆ ಅವನು ನಿಂತು ಬೆವರು ಒರೆಸಿಕೊಂಡು ಕೇಳಿದ: ‘ಊರು ಇನ್ನೆಷ್ಟು ದೂರ ಐತಪ್ಪಾ?’

‘ಊರೊಳಗೇ ಇದ್ದೇವಲ್ಲ ಮಾರಾಯ, ಆಗಿನಿಂದ’ ಎಂದೆ.

ಅವನು ಸುತ್ತ ನೋಡಿದ. ಮರ ಇತ್ತು, ನೆರಳು ಇತ್ತು, ದೂರದಲ್ಲೊಂದು ಹೆಂಚಿನ ಮಾಡು, ಅದರ ಹಿಂದೆ ಒಂದು ಎಳೆ ಹೊಗೆ. ಊರೆಂದು ಅವನಿಗೆ ಗೊತ್ತಿದ್ದದ್ದು ಒಂದೂ ಅಲ್ಲಿರಲಿಲ್ಲ. ಅವನ ಊರಿಗೆ ನಾನು ಹೋಗಿದ್ದೇನೆ. ಕಬ್ಬಿನ ಗದ್ದೆಗಳ ನಡುವೆ ಬರುತ್ತಿರುವಾಗಲೇ ದೂರದಿಂದ ಒಂದು ಗುಂಪು ಕಾಣುತ್ತದೆ: ಗೋಡೆಗೆ ಗೋಡೆ ಒತ್ತಿಕೊಂಡ ಮನೆಗಳು, ಬೀದಿ, ಅರಳಿಕಟ್ಟೆ, ಗುಡಿ. ಇಲ್ಲಿಂದ ಊರು ಶುರು, ಇಲ್ಲಿಗೆ ಮುಗಿಯಿತು, ಆಚೆಗೆ ಹೊಲ ಎಂದು ಬೆರಳಿಟ್ಟು ತೋರಿಸಬಹುದು. ನಮ್ಮಲ್ಲಿ ಹಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಪೇಟೆ ಬಿಟ್ಟು ಒಳಗೆ ಬಂದರೆ ಒಂದೊಂದು ಮನೆ ತನ್ನ ಗದ್ದೆ, ತನ್ನ ತೋಟ, ತನ್ನ ಬಾವಿ, ತನ್ನ ನಾಯಿಯ ಜೊತೆ ಒಂದೊಂದು ಬೈಲಿನ ಅಂಚಿಗೆ ಕೂತಿರುತ್ತದೆ. ನೆರೆಮನೆಗೆ ಕೂಗಿ ಹೇಳಬಹುದು, ಕೈಚಾಚಿ ಕೊಡಲಾಗದು. ಗುಡ್ಡೆಯ ತುದಿಗೆ ಹತ್ತಿ ನಿಂತರೂ ಊರು ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ಊರು ಎನ್ನುವುದು ಯಾವುದು? ಗೆಳೆಯನಿಗೆ ಆಗ ಉತ್ತರ ಹೇಳಲಿಲ್ಲ. ಮನೆಗೆ ತಲುಪಿ ಬೆಲ್ಲ, ನೀರು ಕೊಟ್ಟು, ಜಗಲಿಯ ಗೋಡೆಗೆ ಸಿಕ್ಕಿಸಿದ್ದ ನೇಮದ ಆಮಂತ್ರಣ ಪತ್ರಿಕೆ ತೆಗೆದು ಅವನ ಕೈಗಿತ್ತೆ. ಕೊನೆಯಲ್ಲಿ, ಇಂತಿ ನಿಮ್ಮ ಆಗಮನವನ್ನು ಬಯಸುವ ಎಂಬುದರ ಕೆಳಗೆ ಗುತ್ತು, ಬರ್ಕೆ ಎಂಬ ಹಿರಿಮನೆಗಳವರ ಹೆಸರು, ಆಡಳಿತ ಸಮಿತಿಯ ಹೆಸರು, ಅದರ ಕೆಳಗೆ: ‘ಮತ್ತು ಊರ ಹತ್ತು ಸಮಸ್ತರು’. ತುಳುವಿನಲ್ಲಿ ‘ಊರುದ ಪತ್ತ್ ಸಮಸ್ತೆರ್’. ಮದುವೆಯಲ್ಲಿ ಹೆಣ್ಣು ಕೊಡುವಾಗ, ಜಗಳ ಮುಗಿಸುವಾಗ, ಹೊಸ ಮನೆಯ ಹೊಸ್ತಿಲು ದಾಟುವಾಗ, ಹೆಣ ಎತ್ತುವಾಗ ಹಿರಿಯರು ಹೀಗೇ ಹೇಳುತ್ತಾರೆ, ಹತ್ತು ಸಮಸ್ತರ ಎದುರು ಎಂದು. ನಮ್ಮಲ್ಲಿ ಊರು ಎಂದರೆ ಈ ಹತ್ತು ಸಮಸ್ತರು. ಅವರು ಕೂಡಿದಾಗ ಊರು ಉಂಟು. ಎದ್ದು ಅವರವರ ಮನೆಗೆ ಹೋದರೆ ಗದ್ದೆ, ತೋಟ, ಗುಡ್ಡೆ ಮಾತ್ರ. ಆದರೆ ಆ ಹತ್ತರಲ್ಲಿ ಯಾರಿದ್ದರು, ಯಾರಿರಲಿಲ್ಲ, ಇಲ್ಲದವರು ಯಾವಾಗ ಹೇಗೆ ಬಂದು ಸೇರಿದರು ಎನ್ನುವುದಿದೆಯಲ್ಲ, ನಮ್ಮ ಗ್ರಾಮದ ಚರಿತ್ರೆ ಎಂದು ನನಗೆ ಹೇಳಲಿಕ್ಕಿರುವುದು ಅದೇ.

ಊರಿನ ಹೆಸರುಗಳನ್ನು ನೋಡಿದರೂ ಇದೇ ತೋರುತ್ತದೆ. ಒಂದು ಗುಂಪು ಮನೆಗೆ ಇಟ್ಟ ಹೆಸರುಗಳಲ್ಲ ಇವು. ನೆಲವನ್ನು ನೋಡಿ, ದಿಕ್ಕನ್ನು ನೋಡಿ ಇಟ್ಟವು. ತೆಂಕಮಿಜಾರು, ಬಡಗಮಿಜಾರು. ಪಡುಮಾರ್ನಾಡು, ಮೂಡುಮಾರ್ನಾಡು. ತೆಂಕಕಜೆಕಾರು, ಬಡಗಕಜೆಕಾರು. ತೋಡಿನ ಈಚೆಗೆ ಒಂದು, ಆಚೆಗೆ ಒಂದು. ಬಂಟ್ವಾಳ ತಾಲೂಕಿನಲ್ಲಿ ಸಜಿಪವೇ ನಾಲ್ಕು: ಸಜಿಪಮೂಡ, ಸಜಿಪಪಡು, ಸಜಿಪನಡು, ಮತ್ತೆ ಸಜಿಪಮುನ್ನೂರು. ಮೂಡಣ, ಪಡುವಣ, ನಡು ಸರಿ, ಈ ಮುನ್ನೂರು ಯಾವುದು? ಮುನ್ನೂರು ಮನೆಯೋ, ಕೂತು ತೀರ್ಮಾನ ಮಾಡುತ್ತಿದ್ದ ಮುನ್ನೂರು ಜನರ ಕೂಟವೋ ಎಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಯೋಚಿಸುತ್ತೇನೆ. ತುಳುನಾಡಿನ ಹಳೆಯ ಶಾಸನಗಳಲ್ಲಿ ‘ಹಲರು’ ಎಂಬ ಮಾತು ಬರುತ್ತದೆ. ಹಲವರು ಕೂಡಿದ ಸಭೆ. ಅರಸನ ಹೆಸರಿನ ಕೆಳಗೆ ಇವರ ಒಪ್ಪಿಗೆಯೂ ಬೇಕಿತ್ತು. ಹತ್ತು ಸಮಸ್ತರು ಎನ್ನುವಾಗ ಆ ಹಲರ ಉಸಿರು ನನಗೆ ತಾಗಿದ ಹಾಗಾಗುತ್ತದೆ.

ಇನ್ನು ನೆಲದ ಹೆಸರು. ಸಂಗಬೆಟ್ಟು, ಇಂದಬೆಟ್ಟು, ಮೇಲಂತಬೆಟ್ಟು, ಮೇರಮಜಲು, ಇರುವೈಲು. ಬೈಲು, ಮಜಲು, ಬೆಟ್ಟು ಎಂದರೆ ನಮ್ಮ ಬೇಸಾಯದ ಮೂರು ಮೆಟ್ಟಿಲು. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿಗೆ ಮೂರು ಬೆಳೆ, ಏಣೆಲು, ಸುಗ್ಗಿ, ಕೊಳಕೆ. ನಡುವಿನ ಮಜಲಿಗೆ ಎರಡು. ಮೇಲಿನ ಬೆಟ್ಟಿಗೆ ಮಳೆಗಾಲದ್ದು ಒಂದೇ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಯ ದಾರಿಯಾಗಿ ಹೋದಾಗ ಗದ್ದೆಯಲ್ಲಿದ್ದವರನ್ನು ಕೇಳಿ ಈ ಮೂರು ಹೆಸರನ್ನೂ ತನ್ನ ಪುಸ್ತಕದಲ್ಲಿ ಬರೆದುಕೊಂಡ. ಕುಂಪಣಿಯವರ ಕೈಗೆ ಈ ಸೀಮೆ ಬಂದು ಆಗಿನ್ನೂ ಎರಡು ವರ್ಷ. ಯಾವ ಗದ್ದೆಗೆ ಎಷ್ಟು ಬೀಜ, ಎಷ್ಟು ಮುಡಿ ಗೇಣಿ ಎಂದೆಲ್ಲ ಆತ ಕೇಳುತ್ತ ಹೋಗಿದ್ದಾನೆ. ನಮ್ಮ ಅಜ್ಜನ ಅಜ್ಜನಂಥ ಯಾರೋ ಕಟ್ಟಪುಣಿಯ ಮೇಲೆ ನಿಂತು ಉತ್ತರ ಹೇಳಿರಬೇಕು.

ನಮ್ಮ ಗ್ರಾಮ ಮೂರು ತಾಲೂಕುಗಳು ಹತ್ತಿರ ಹತ್ತಿರ ಬರುವ ಮೂಲೆಯಲ್ಲಿದೆ. ಅರಸರ ಕಾಲದಲ್ಲೂ ಇದು ಮೂಲೆಯೇ. ಮೂಡುಬಿದಿರೆಯಲ್ಲಿ ಚೌಟರು, ವೇಣೂರಿನಲ್ಲಿ ಅಜಿಲರು, ಬಂಗಾಡಿಯಲ್ಲೂ ನಂದಾವರದಲ್ಲೂ ಬಂಗರು. ಬೆದ್ರಕ್ಕೆ, ಎಂದರೆ ಮೂಡುಬಿದಿರೆಗೆ, ಹೋದರೆ ಚೌಟರ ಅರಮನೆಯ ಕಂಬದ ಮೇಲೆ ಒಂಬತ್ತು ಹೆಂಗಸರು ಸೇರಿ ಒಂದು ಆನೆಯಾದ ಕೆತ್ತನೆಯಿದೆ, ನವನಾರೀಕುಂಜರ. ಚಿಕ್ಕವನಿದ್ದಾಗ ಸಾವಿರ ಕಂಬದ ಬಸದಿಗಿಂತ ನನಗೆ ಅದೇ ಹೆಚ್ಚು ಹಿಡಿಸುತ್ತಿತ್ತು. ಬಸದಿ 1430ರದ್ದು, ವೇಣೂರಿನ ಬಾಹುಬಲಿ 1604ರದ್ದು. ಈ ದೊಡ್ಡ ಕಲ್ಲುಗಳ ನಡುವಿನ ಸಣ್ಣ ಗ್ರಾಮಗಳಿಗೆ ಕಲ್ಲಿನ ಸಾಕ್ಷಿ ಇಲ್ಲ. ಅರಸನಿಗೆ ಸೀಮೆ, ಸೀಮೆಯೊಳಗೆ ಮಾಗಣೆ, ಮಾಗಣೆಯೊಳಗೆ ಗ್ರಾಮ, ಗ್ರಾಮದಲ್ಲಿ ಗುತ್ತು. ಅರಸ ಹೋದ, ಮಾಗಣೆ ಕಾಗದದಿಂದ ಹೋಯಿತು. ಅವು ಈಗ ಬದುಕಿರುವುದು ಒಂದೇ ಕಡೆ, ದೈವದ ಬಾಯಲ್ಲಿ.

ಗೆಳೆಯನನ್ನು ಕರೆದುಕೊಂಡು ರಾತ್ರಿ ನೇಮದ ಗದ್ದೆಗೆ ಹೋದೆ. ಹಗಲು ಅವನು ಕಾಣದ ಊರು ಅಲ್ಲಿ ಕೂತಿತ್ತು. ಒಂದೊಂದು ಕಟ್ಟಪುಣಿಯಿಂದ ಟಾರ್ಚು ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ಜನ ಇಳಿದು ಬರುತ್ತಲೇ ಇದ್ದರು. ಗುತ್ತಿನ ಮನೆಯಿಂದ ದೈವದ ಭಂಡಾರ ಬಂತು. ಹಿಂಗಾರದ ಪರಿಮಳ, ದೀವಟಿಗೆಯ ಎಣ್ಣೆಯ ವಾಸನೆ, ತೆಂಗಿನ ಎಳೆ ಗರಿಯ ಸಿರಿ. ಗಗ್ಗರ ಕಟ್ಟಿ ಅಣಿ ಏರಿದ ಮೇಲೆ ಗ್ರಾಮದೈವ ಕೊಡಮಣಿತ್ತಾಯ ಮೊದಲು ಮಾಡುವ ಕೆಲಸ ಕುಣಿತವಲ್ಲ, ಕರೆಯುವುದು. ಸೀಮೆಯ ಅರಸನ ಹೆಸರು ಹಿಡಿದು, ಮಾಗಣೆ ಹಿಡಿದು, ಇಂಥ ಗುತ್ತು, ಇಂಥ ಬರ್ಕೆ, ಇಂಥ ಮನೆ ಎಂದು ಸಾಲಾಗಿ ಕರೆಯುತ್ತದೆ. ಕರೆದವರು ಮುಂಡಾಸು ಸರಿಮಾಡಿಕೊಂಡು ಕೈಮುಗಿದು ಬಂದು ನಿಲ್ಲಬೇಕು. ಕ್ರಮ ತಪ್ಪುವಂತಿಲ್ಲ. ಒಂದು ಹೆಸರು ಹಿಂದೆ ಮುಂದಾದರೆ ರಾತ್ರಿ ಪೂರ್ತಿ ನೇಮ ನಿಂತ ಉದಾಹರಣೆಗಳಿವೆ. ಹೆಸರು ಕರೆಸಿಕೊಳ್ಳುವುದಕ್ಕೋಸ್ಕರ ಮುಂಬಯಿಯಿಂದ ಬರುವವರಿದ್ದಾರೆ. ನನಗೆ ಇದು ಒಣಹೆಮ್ಮೆ ಎಂದು ಯಾವತ್ತೂ ಅನಿಸಿಲ್ಲ. ಚದುರಿ ಕೂತ ಮನೆಗಳನ್ನು ವರ್ಷಕ್ಕೊಮ್ಮೆ ಹೆಸರು ಹಿಡಿದು ಎಣಿಸಿ ನೋಡುವುದು, ಇದ್ದೀರಾ ಎಂದು ಕೇಳುವುದು, ಇದ್ದೇವೆ ಎಂದು ಅವರು ಮುಂದೆ ಬರುವುದು: ಊರನ್ನು ಇದಕ್ಕಿಂತ ಚೆನ್ನಾಗಿ ಕಟ್ಟುವ ದಾರಿ ನಾನು ಕಂಡಿಲ್ಲ.

ನ್ಯಾಯವೂ ಅಲ್ಲಿಯೇ. ನನ್ನ ಎಳವೆಯಲ್ಲಿ ತೋಡಿನ ನೀರಿಗಾಗಿ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಕೋರ್ಟಿಗೆ ಹೋಗುವ ಮಾತೂ ನಡೆದಿತ್ತು. ದೈವ ಇಬ್ಬರನ್ನೂ ಎದುರು ನಿಲ್ಲಿಸಿಕೊಂಡು, ಒಂದೇ ತಾಯಿಯ ಹಾಲು ಹಂಚಿಕೊಂಡವರಿಗೆ ತೋಡಿನ ನೀರು ಹಂಚಿಕೊಳ್ಳಲಿಕ್ಕೆ ಬರುವುದಿಲ್ಲವೆ ಎಂಬರ್ಥದಲ್ಲಿ ನುಡಿಕೊಟ್ಟು, ಒಂದೇ ಬಾಳೆ ಎಲೆಯ ಗಂಧವನ್ನು ಇಬ್ಬರ ಕೈಗೂ ಹಾಕಿತು. ಹತ್ತು ಸಮಸ್ತರು ನೋಡುತ್ತಿದ್ದರು. ಅಷ್ಟು ಕಣ್ಣುಗಳ ಎದುರು ಪಡೆದ ಗಂಧವನ್ನು ಮನೆಗೆ ಹೋಗಿ ಒರೆಸಿಹಾಕುವುದು ಸುಲಭವಲ್ಲ. ಮರುದಿನದಿಂದ ನೀರು ಒಂದು ದಿನ ಅಲ್ಲಿಗೆ, ಒಂದು ದಿನ ಇಲ್ಲಿಗೆ ಹರಿಯಿತು.

ಆದರೆ ಗೆಳೆಯ ಒಂದನ್ನು ಕಂಡ, ಹೊರಗಿನವನ ಕಣ್ಣಿಗೆ ಬೇಗ ಕಾಣುವಂಥದ್ದು. ‘ಹೆಂಗಸರನ್ನು ಕರೆಯಲಿಲ್ಲವಲ್ಲ’ ಎಂದ. ‘ಆ ತುದಿಯಲ್ಲಿ ನಿಂತವರನ್ನೂ ಕರೆಯಲಿಲ್ಲ.’ ನಿಜ. ಕರೆಯುವ ಪಟ್ಟಿಗೆ ಒಂದು ಕೊನೆಯಿತ್ತು, ಆ ಕೊನೆಯ ಆಚೆಗೂ ಜನರಿದ್ದರು. ದೈವವನ್ನು ಮೈಮೇಲೆ ಹೊತ್ತು, ಗುತ್ತಿನ ಯಜಮಾನನನ್ನು ಎದುರು ನಿಲ್ಲಿಸಿ ಗದರಿಸುವವನೇ ಬಣ್ಣ ಕಳಚಿದ ಮೇಲೆ ಅದೇ ಯಜಮಾನನ ಚಾವಡಿ ಹತ್ತುವಂತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮುಚ್ಚಿಡಲಾರೆ. ಹತ್ತು ಸಮಸ್ತರು ಎಂಬ ಮಾತಿನಲ್ಲಿ ‘ಸಮಸ್ತರು’ ಬಹಳ ಕಾಲ ಬರಿಯ ಹತ್ತೇ ಆಗಿದ್ದರು.

ಅರಸರು ಹೋದ ಮೇಲೆ ಕಾಗದ ಬಂತು. ಕಾಗದಕ್ಕೂ ಮೊದಲು ಕಡತ. ಈಗ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಲ್ಲ, ಅದು ಮೂಲದಲ್ಲಿ ಬಟ್ಟೆ. ಹುಣಸೆ ಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕರಿಪುಸ್ತಕ. ಶಾನುಭೋಗರ ಮನೆಯಲ್ಲಿ ಇರುತ್ತಿತ್ತು. ಟಿಪ್ಪು ಮಡಿದ 1799ರಲ್ಲೇ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಈ ಕರಿಪುಸ್ತಕಗಳ ಲೆಕ್ಕ ಓದಿಸಿ, ವಿಜಯನಗರದ ಕಾಲದಿಂದ ಯಾವ ಭೂಮಿಗೆ ಎಷ್ಟು ತೀರ್ವೆ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋದ. ಇಲ್ಲಿ ಭೂಮಿ ಅರಸನದಲ್ಲ, ಹಿಡುವಳಿದಾರನದು, ತಲೆಯಿಂದ ತಲೆಗೆ ಇಳಿದು ಬಂದದ್ದು, ಮಾರಬಹುದು, ಅಡವಿಡಬಹುದು ಎಂದು ಅವನಿಗೆ ಮನದಟ್ಟಾಯಿತು. ಮುಂದೆ ಅವನ ಹೆಸರಿನೊಂದಿಗೆ ಸೇರಿಕೊಂಡ ರಯತವಾರಿ ಪದ್ಧತಿಯ ಹಿಂದೆ ನಮ್ಮ ಶಾನುಭೋಗರ ಮಸಿಬಟ್ಟೆಯೂ ಇದೆ.

ಆ ಮೇಲೆ 1956ರ ನವೆಂಬರ್ 1ರ ತನಕ ನಾವು ಮದರಾಸಿನವರು. ಅದರ ಗುರುತು ಇವತ್ತಿಗೂ ನಾಲಿಗೆಯಲ್ಲಿದೆ. ಮೈಸೂರಿನವರು ಗೋಮಾಳ, ಖರಾಬು ಎನ್ನುವಲ್ಲಿ ನಾವು ಪರಂಬೋಕು ಎನ್ನುತ್ತೇವೆ, ತಮಿಳಿನ ಮಾತು. ವರ್ಗ, ಕದೀಂ, ಕುಮ್ಕಿ ಪಾರಸಿ, ಅರಬಿಯ ದಾರಿಯಿಂದ ಬಂದವು. ಪಟೇಲ, ಶಾನುಭೋಗ, ಉಗ್ರಾಣಿ ಎಂಬ ಮೂವರೇ ನಮ್ಮ ಪಾಲಿನ ಸರಕಾರ. ಪಟೇಲರು ತೀರ್ವೆ ಎತ್ತುವವರು, ಶಾನುಭೋಗರು ಬರೆಯುವವರು, ಉಗ್ರಾಣಿ ಸುದ್ದಿ ಮುಟ್ಟಿಸುತ್ತ ಗುಡ್ಡೆಯಿಂದ ಗುಡ್ಡೆಗೆ ನಡೆಯುವವನು. ಮನೆಗಳು ಚದುರಿದ ಸೀಮೆಯಲ್ಲಿ ಡಂಗುರ ಹೊಡೆದು ಪ್ರಯೋಜನವಿಲ್ಲ. ಉಗ್ರಾಣಿಯ ಕಾಲೇ ಡಂಗುರ. 1960ರ ದಶಕದಲ್ಲಿ ಪಟೇಲಿಕೆ, ಶಾನುಭೋಗಿಕೆ ಕಾನೂನಿನಲ್ಲಿ ಮುಗಿದರೂ ಪಟೇಲರ ಮನೆ ಪಟೇಲರ ಮನೆಯಾಗಿಯೇ ಉಳಿದಿದೆ.

ಕುಮ್ಕಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ವರ್ಗ ಜಾಗದ, ಎಂದರೆ ತೀರ್ವೆ ಕಟ್ಟುವ ಸ್ವಂತ ಹಿಡುವಳಿಯ, ಸುತ್ತ 100 ಗಜದೊಳಗಿನ ಸರಕಾರಿ ಗುಡ್ಡೆಯಿಂದ ಸೊಪ್ಪು, ಸೌದೆ, ಹುಲ್ಲು ತರುವ, ದನ ಮೇಯಿಸುವ ಹಕ್ಕು ಆ ವರ್ಗದಾರನಿಗಿದೆ. ಜಾಗ ಅವನದಲ್ಲ, ಸೊಪ್ಪು ಅವನದು. ಸೊಪ್ಪಿಲ್ಲದೆ ಹಟ್ಟಿಯಲ್ಲಿ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಗದ್ದೆಯಿಲ್ಲ ಎಂದು ತಿಳಿದವರು ಮಾಡಿದ ಏರ್ಪಾಡು. ಗದ್ದೆಗೂ ಗುಡ್ಡೆಗೂ ಇರುವ ಕರುಳಬಳ್ಳಿ ಅದು. ಇವತ್ತು ತಾಲೂಕು ಕಚೇರಿಯಲ್ಲಿ ಕುಮ್ಕಿ ಎಂದರೆ ತಕರಾರು, ಅರ್ಜಿ, ಆಕ್ಷೇಪಣೆ. ಕುಮ್ಕಿಯ ಗುಡ್ಡೆಗೆ ರಬ್ಬರು ಬಂದಿದೆ, ಗದ್ದೆಗೆ ಅಡಿಕೆ ಬಂದಿದೆ. ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಸಾಲಾಗಿ ಇಳಿಯುತ್ತಿದ್ದ ಹೆಂಗಸರು ಈಗ ಕಾಣುವುದಿಲ್ಲ. ಆ ಹೊರೆ ಹೊತ್ತು ಕೊರಳು ಬಗ್ಗಿದ್ದ ನನ್ನ ಅಜ್ಜಿಯನ್ನು ನೆನೆದರೆ ಕಾಣದಿರುವುದೇ ಒಳ್ಳೆಯದು ಎನಿಸುತ್ತದೆ. ಗುಡ್ಡೆಯನ್ನು ನೆನೆದರೆ ಹಾಗನಿಸುವುದಿಲ್ಲ.

ನಮ್ಮದು ವರ್ಗದ ಮನೆಯಾಗಿರಲಿಲ್ಲ, ಗೇಣಿ ಕೊಡುವ ಒಕ್ಕಲು ಮನೆಯಾಗಿತ್ತು. ಅದೂ ಮೂಲಗೇಣಿಯಲ್ಲ, ಚಾಲಗೇಣಿ. ಮೂಲಗೇಣಿದಾರನನ್ನು ಎಬ್ಬಿಸುವಂತಿರಲಿಲ್ಲ, ಚಾಲಗೇಣಿಯವನು ಇರುತ್ತಿದ್ದದ್ದು ಧಣಿಗಳ ಮನಸ್ಸು ಇದ್ದಷ್ಟು ದಿನ. ಅಜ್ಜ ವರ್ಷವರ್ಷವೂ ಗೇಣಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ ಮುಡಿ ಮಾಡುತ್ತಿದ್ದ. ಒಂದು ಮುಡಿಗೆ ಮೂರು ಕಳಸೆ, 42 ಸೇರು. ಮುಡಿ ಕಟ್ಟುವುದೊಂದು ಕಲೆ. ಹುಲ್ಲನ್ನು ಬಿಡಿಸಿ ಹಾಸಿ, ಅಕ್ಕಿ ಸುರಿದು, ಹಗ್ಗ ಸುತ್ತುತ್ತ ಬಡಿಯುತ್ತ ಬಂದರೆ ಕುಂಬಳಕಾಯಿಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಎಸೆದರೂ ಒಂದು ಅಕ್ಕಿ ಚೆಲ್ಲದು. ಅಷ್ಟು ಚಂದದ ಮುಡಿಯನ್ನು ಧಣಿಗಳ ಅಂಗಳದಲ್ಲಿ ಇಳಿಸಿ, ಅಳತೆ ಮುಗಿಯುವ ತನಕ ಅಜ್ಜ ಬಿಸಿಲಲ್ಲಿ ನಿಂತಿರುತ್ತಿದ್ದ. ಜೊತೆಗೆ ಹೋದ ನಮ್ಮ ಅಪ್ಪನಿಗೆ ಒಳಗಿನಿಂದ ಯಾರೋ ಬೆಲ್ಲದ ತುಂಡು ಕೊಡುತ್ತಿದ್ದರಂತೆ. ಕೊಟ್ಟವರ ಕೈ ನೆನಪಿದೆ, ಮುಖ ನೆನಪಿಲ್ಲ ಎನ್ನುತ್ತಿದ್ದರು ಅಪ್ಪ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕು, ಭೂನ್ಯಾಯಮಂಡಳಿ ವಿಚಾರಿಸಬೇಕು. ನಮ್ಮಲ್ಲಿ ಅದಕ್ಕೆ ಜನ ಇಟ್ಟ ಹೆಸರು ಡಿಕ್ಲರೇಶನ್. ‘ಅವರದು ಡಿಕ್ಲರೇಶನಿನಲ್ಲಿ ಆದ ಜಾಗ’ ಎಂದರೆ ಎಲ್ಲವೂ ಹೇಳಿದಂತೆ. ಅಜ್ಜ ಆ ಅರ್ಜಿಯನ್ನು ಮೂರು ತಿಂಗಳು ಕಪಾಟಿನಲ್ಲಿಟ್ಟಿದ್ದ. ಧಣಿಗಳ ಮುಖ ನೋಡುವುದು ಹೇಗೆ ಎಂಬ ಸಂಕಟ. ಕೊಟ್ಟರೆ ದೈವದ ಎದುರು ಏನು ಹೇಳಲಿ ಎಂಬ ಹೆದರಿಕೆ. ಕೊನೆಗೆ ಅಜ್ಜಿ ಹೇಳಿದ ಒಂದು ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ: ‘ಈ ಮಣ್ಣಿಗೆ ನನ್ನ ಬೆವರು ಎಷ್ಟು ಬಿದ್ದಿದೆ ಎಂದು ದೈವಕ್ಕೆ ಗೊತ್ತಿಲ್ಲದ್ದೇನಲ್ಲ.’ ಮರುದಿನ ಅಜ್ಜ ಬಸ್ಸು ಹತ್ತಿದ. ಜಾಗ ಆಯಿತು. ಅಜ್ಜ ಪತ್ರವನ್ನು ಮನೆಯ ದೈವದ ಎದುರು ಇಟ್ಟು ಅಡ್ಡಬಿದ್ದು ಬಹಳ ಹೊತ್ತು ಏಳಲಿಲ್ಲ.

ಗುತ್ತಿನ ಮನೆಗೆ ಗೇಣಿ ನಿಂತಿತು. ಗೇಣಿ ನಿಂತಲ್ಲಿ ನೇಮವೂ ನಿಂತಿತು. ಕೆಲವು ವರ್ಷ ಸಂಕ್ರಮಣಕ್ಕೊಂದು ದೀಪ, ಅಷ್ಟೆ. ಗುತ್ತಿನ ಸಂಕಟವನ್ನೂ ನಾನು ಕಂಡಿದ್ದೇನೆ, ಮಾಡು ಸೋರುವ ದೊಡ್ಡ ಚಾವಡಿಯಲ್ಲಿ ಒಂಟಿಯಾಗಿ ಕೂತಿದ್ದ ಯಜಮಾನರನ್ನು. ಆಮೇಲೆ ಒಂದು ದಿನ, ಹಿಂದೆ ಮುಡಿ ಹೊತ್ತು ಹೋಗುತ್ತಿದ್ದ ಮನೆಗಳವರೇ ಸೇರಿ ಅವರಲ್ಲಿಗೆ ಹೋಗಿ, ನೇಮ ಮಾಡೋಣ, ಖರ್ಚು ಊರಿನದು, ಮುಂದೆ ನಿಲ್ಲುವವರು ನೀವು ಎಂದರು. ಸಮಿತಿಯಾಯಿತು, ರಶೀದಿ ಪುಸ್ತಕ ಬಂತು. ರಶೀದಿ ಪಡೆದವರ ಹೆಸರೆಲ್ಲ ಬೋರ್ಡಿನಲ್ಲಿ ಬಿತ್ತು. ದೈವ ಕರೆಯುವ ಪಟ್ಟಿಯ ಆಚೆ ಇದ್ದ ಎಷ್ಟೋ ಹೆಸರು ಮೊದಲ ಸಲ ಆ ಗದ್ದೆಯಲ್ಲಿ ಅಕ್ಷರದಲ್ಲಿ ಕಂಡದ್ದು ಆ ವರ್ಷ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದಾಳೆ. ಅಲ್ಲಿಯ ಪಂಚಾಯತಿಗೆ ಪ್ಯಾರಿಶ್ ಕೌನ್ಸಿಲ್ ಎಂದು ಹೆಸರು. ಪ್ಯಾರಿಶ್ ಎಂದರೆ ಒಂದು ಇಗರ್ಜಿಗೆ ಸೇರಿದ ಊರು. ಬಡವರಿಗೆ ನೆರವು, ದಾರಿ ರಿಪೇರಿ ಎಲ್ಲವನ್ನೂ ಶತಮಾನಗಳ ಕಾಲ ಇಗರ್ಜಿಯ ಕೋಣೆಯಲ್ಲಿ ಕೂತ ಕೆಲವರೇ ತೀರ್ಮಾನಿಸುತ್ತಿದ್ದರು. 1894ರ ಕಾನೂನು ಅದನ್ನು ಬಿಡಿಸಿ ಚುನಾಯಿತ ಮಂಡಳಿಗೆ ಕೊಟ್ಟಿತು, ಹೆಂಗಸರಿಗೂ ಅದರಲ್ಲಿ ನಿಲ್ಲುವ ಹಕ್ಕು ಕೊಟ್ಟಿತು. 300 ಜನಕ್ಕಿಂತ ಕಡಿಮೆಯಿದ್ದ ಊರಿಗೆ ಆಗ ಮಂಡಳಿ ಕಡ್ಡಾಯವಾಗಿರಲಿಲ್ಲ, ಮತವಿರುವವರೆಲ್ಲ ಕೂಡುವ ಸಭೆಯೇ ಸಾಕಿತ್ತು. ಅವಳು ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ನನಗೆ ಅದು ದೂರದ ಕತೆ ಎನಿಸಲಿಲ್ಲ. ಇಗರ್ಜಿಯ ಕೋಣೆ ಮತ್ತು ಗುತ್ತಿನ ಚಾವಡಿ. ಕಡಲಾಚೆಯ ಹಳ್ಳಿಯವರಿಗೂ ಬಾಗಿಲು ಅಗಲ ಮಾಡಲಿಕ್ಕೆ ಒಂದು ಕಾನೂನು ಬೇಕಾಗಿತ್ತು.

ನಮ್ಮ ಬಾಗಿಲು ಅಗಲವಾದದ್ದು ಅತ್ತಿಗೆಯ ಕಾಲಕ್ಕೆ. 1983ರ ಕಾಯ್ದೆಯ ಮಂಡಲ ಪಂಚಾಯತುಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರು ಆಗ ಮಂತ್ರಿ. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ. ಸುಮಾರು 400 ಜನಕ್ಕೊಬ್ಬ ಸದಸ್ಯ, ಮೂರರಲ್ಲೊಂದು ಸ್ಥಾನ ಹೆಂಗಸರಿಗೆ, ಪಕ್ಷದ ಗುರುತು ಇಲ್ಲ. ಬೇರೆ ಕಡೆ ಒಂದು ಗ್ರಾಮ ಪಂಚಾಯತಿಗೆ 5,000 ಜನ ಬೇಕೆಂದಿದ್ದರೂ ಮಲೆನಾಡು ಕರಾವಳಿಯ ಜಿಲ್ಲೆಗಳಲ್ಲಿ 2,500 ಇದ್ದರೂ ಆದೀತು ಎಂದಿದೆ. ಚದುರಿದ ಮನೆಗಳ ಕಷ್ಟ ಕಾನೂನು ಬರೆದವರಿಗೂ ತಿಳಿದಿತ್ತು ಎನ್ನುವುದು ನನಗೆ ಸಂತೋಷದ ಸಂಗತಿ. 81 ಗ್ರಾಮಗಳ ಬೆಳ್ತಂಗಡಿ ತಾಲೂಕಿಗೆ ಇಂದು 48 ಗ್ರಾಮ ಪಂಚಾಯತುಗಳಿವೆ.

ಅತ್ತಿಗೆ ಬೀಡಿ ಕಟ್ಟುವವರು. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ, ಎಲೆ ಕತ್ತರಿಸುತ್ತ, ಹೊಗೆಸೊಪ್ಪು ತುಂಬುತ್ತ, ನೂಲು ಸುತ್ತುತ್ತ ಆಡಿದ ಮಾತು ನಿಲ್ಲಿಸದವರು. ಕಟ್ಟಿದ ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಹೋದಾಗ ಅಲ್ಲಿ ಸಾಲಿನಲ್ಲಿ ನಿಂತ ಎಂಟು ದಿಕ್ಕಿನ ಹೆಂಗಸರಿಂದ ಎಂಟು ದಿಕ್ಕಿನ ಸುದ್ದಿ. ಗಂಡಸರ ಊರು ವರ್ಷಕ್ಕೊಮ್ಮೆ ನೇಮದಲ್ಲಿ ಕೂಡುತ್ತಿದ್ದಾಗ ಹೆಂಗಸರ ಊರು ವಾರವೂ ಬೀಡಿ ಬ್ರಾಂಚಿನಲ್ಲಿ ಕೂಡುತ್ತಿತ್ತು. ಯಾವ ಬಾವಿ ಬತ್ತಿದೆ, ಯಾರ ಮಗು ಶಾಲೆ ಬಿಟ್ಟಿದೆ, ಯಾವ ಸಂಕ ಅಲುಗಾಡುತ್ತಿದೆ ಎಂಬುದಕ್ಕೆ ಅಲ್ಲಿಗಿಂತ ಪಕ್ಕಾ ದಾಖಲೆ ಇರಲಿಲ್ಲ. 1993ರ ಡಿಸೆಂಬರಿನಲ್ಲಿ ಅತ್ತಿಗೆಯನ್ನು ನಿಲ್ಲಿಸಿದಾಗ, ಹೆಂಗಸರ ಸೀಟು ತಾನೇ, ಹೆಸರು ಅವರದು, ಓಡಾಟ ಅಣ್ಣನದು ಎಂದುಕೊಂಡವರೇ ಎಲ್ಲ. ಮೊದಲ ಸಭೆಯಲ್ಲಿ ಅತ್ತಿಗೆ ಬೀಡಿ ಎಲೆಯ ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಹದಿನಾಲ್ಕು ಮನೆಯ ಹೆಸರು ಓದಿದರಂತೆ. ಹೆಂಗಸರು ಗುಡ್ಡೆಯ ಕೆಳಗಿನಿಂದ ಕೊಡದಲ್ಲಿ ನೀರು ಹೊರುವ ಮನೆಗಳು. ಸಭೆಯಲ್ಲಿದ್ದವರು ಯಾರೂ ಅತ್ತ ಸುಳಿದಿರಲಿಲ್ಲ. ಹದಿನಾಲ್ಕರಲ್ಲಿ ಹನ್ನೊಂದು, ನೇಮದಲ್ಲಿ ದೈವ ಕರೆಯದ ಮನೆಗಳು.

ಈಗ ಅತ್ತಿಗೆ ಸದಸ್ಯೆ ಅಲ್ಲ. 2010ರಿಂದ ಅರ್ಧ ಸ್ಥಾನವೇ ಹೆಂಗಸರದು, ಸೊಸೆಯಂದಿರ ಕಾಲ. ಆದರೂ ಗ್ರಾಮಸಭೆ ತಪ್ಪಿಸುವುದಿಲ್ಲ. ಗೆಳೆಯ ಇದ್ದ ವಾರದಲ್ಲೇ ಗ್ರಾಮಸಭೆಯೂ ಇತ್ತು, ಅವನನ್ನು ಅಲ್ಲಿಗೂ ಕರೆದೊಯ್ದೆ. ಶಾಲೆಯ ಹಾಲಿನಲ್ಲಿ ಕೆಂಪು ಕುರ್ಚಿಗಳು, ಎದುರು ನೋಡಲ್ ಅಧಿಕಾರಿ, ಪಿಡಿಒ, ಮೆಸ್ಕಾಂನವರು, ಆರೋಗ್ಯ ಕೇಂದ್ರದವರು. ಮಂಗಗಳು ತೆಂಗಿನಕಾಯಿ ಬಿಡುತ್ತಿಲ್ಲ ಎಂಬುದರಿಂದ ಸುರುವಾಗಿ ದಾರಿದೀಪ, ಮನೆಜಾಗದ 9/11 ನಕ್ಷೆ, ಅಂಗನವಾಡಿಯ ಮಾಡು, ಕಸ ತಂದು ಸುರಿಯುವ ತಿರುವು ಹೀಗೆ ಮೂರು ಗಂಟೆ. ಒಬ್ಬರು ಮೈಕು ಕೊಡದೆ ಇಪ್ಪತ್ತು ನಿಮಿಷ ಮಾತಾಡಿದರು. ಇಬ್ಬರಿಗೆ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಕಾರ್ಯದರ್ಶಿ ಮನೆ ಮಂಜೂರಾದವರ ಪಟ್ಟಿ ಓದಿದರು. ಒಂದೊಂದು ಹೆಸರಿಗೂ ಹಾಲಿನ ಒಂದೊಂದು ಮೂಲೆಯಿಂದ ಒಬ್ಬೊಬ್ಬರು ಎದ್ದು ನಿಂತರು. ಸೀರೆಯ ಸೆರಗು ಸರಿಮಾಡಿಕೊಂಡು, ಕೈಮುಗಿದು. ಗೆಳೆಯ ನನ್ನ ಮೊಣಕೈ ತಟ್ಟಿದ. ಅವನು ಮೊನ್ನೆಯ ರಾತ್ರಿಯನ್ನು ನೆನೆಸಿಕೊಂಡಿದ್ದ, ನಾನೂ ಅದನ್ನೇ.

ಮಕ್ಕಳ ಗ್ರಾಮಸಭೆ ಎಂದು ಇನ್ನೊಂದಿದೆ. ಅದಕ್ಕೆ ಒಮ್ಮೆ ಹೋಗಿ ಕೂತಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ಮಳೆಗಾಲದಲ್ಲಿ ತೋಡು ದಾಟುವ ಅಡಿಕೆ ಮರದ ಸಂಕ ಜಾರುತ್ತದೆ, ತಮ್ಮನ ಕೈ ಹಿಡಿದು ದಾಟಿಸುವಾಗ ನನ್ನ ಕೊಡೆ ಹಿಡಿಯಲಿಕ್ಕೆ ಕೈ ಉಳಿಯುವುದಿಲ್ಲ ಎಂದಳು. ಅಷ್ಟೇ ಹೇಳಿ ಕೂತಳು. ಕಾಲುಸಂಕ ಆಗುವುದಕ್ಕೆ ಎರಡು ಮಳೆಗಾಲ ಹಿಡಿಯಿತು. ಆದರೆ ಆಯಿತು. ಗೆಳೆಯ ಮೊದಲ ದಿನ ದಾಟಿ ಬಂದದ್ದು ಅದನ್ನೇ.

ಅವನು ಹೊರಡುವ ಹಿಂದಿನ ಸಂಜೆ ನಮ್ಮ ಜಗಲಿಯಲ್ಲಿ ಕಟ್ಟದ ಮಾತು. ಕಟ್ಟ ಎಂದರೆ ತೋಡಿಗೆ ಅಡ್ಡ ಹಾಕುವ ಒಡ್ಡು. ಮಳೆಯ ನೀರು ಇಳಿದು ತೋಡು ಸಣ್ಣದಾಗುವ ಹೊತ್ತಿಗೆ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು ಹಾಕಿ ಕಟ್ಟಿದರೆ ಕೆಳಗಿನ ಬೈಲಿನ ಬಾವಿಗಳಲ್ಲೆಲ್ಲ ಬೇಸಗೆಯ ತನಕ ನೀರು ನಿಲ್ಲುತ್ತದೆ. ಮಳೆಗಾಲ ಬಂದರೆ ತೋಡೇ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಹೋದದ್ದನ್ನು ಮುಂದಿನ ವರ್ಷ ಮತ್ತೆ ಕಟ್ಟಬೇಕು. ಸರಕಾರದ ಕಿಂಡಿ ಅಣೆಕಟ್ಟು ಕೆಳಗೆ ಹೊಳೆಗೆ ಆಗಿದೆ, ಹಲಗೆ ಹಾಕುವವರಿದ್ದಾರೆ. ಮೇಲಿನ ಸಣ್ಣ ತೋಡಿನದು ನಮ್ಮದೇ ಜವಾಬ್ದಾರಿ. ಯಾರ ಕಾಲದಿಂದಲೋ ಒಂದು ಲೆಕ್ಕ: ಮನೆಗೊಂದು ಆಳು, ಮಧ್ಯಾಹ್ನದ ಗಂಜಿ ಮೇಲಿನ ಮನೆಯದು, ಸಂಜೆಯ ಚಾ ಕೆಳಗಿನ ಮನೆಯದು. ನೀರು ಯಾರ ಗದ್ದೆಗೆ ಯಾವ ದಿನ ಎಂಬುದೂ ಆ ದಿನವೇ ನಿರ್ಣಯ.

ನನ್ನ ಕೈಯಲ್ಲಿ ಪೆನ್ನು, ನೇಮದ ಆಮಂತ್ರಣದ ಹಿಂಬದಿಯಲ್ಲಿ ಪಟ್ಟಿ. ಒಂದೊಂದೇ ಮನೆಯ ಹೆಸರು ಹೇಳುತ್ತ ಹೋದರು, ಬರೆಯುತ್ತ ಹೋದೆ. ಪಟೇಲರ ಮನೆ, ಗುತ್ತಿನ ಮನೆ, ಕೆಳಗಿನ ಬೈಲು, ಪದವಿನ ಮನೆ, ಕಾಲೊನಿಯ ಐದು ಮನೆ, ರಬ್ಬರ್ ತೋಟ ಕೊಂಡು ಕೇರಳದಿಂದ ಬಂದವರ ಮನೆ. ಇಪ್ಪತ್ತಮೂರಾಯಿತು.

‘ಮುಗಿಯಿತಾ?’ ಎಂದೆ.

ಅತ್ತಿಗೆ ಬೀಡಿಯ ತಡ್ಪೆಯಿಂದ ತಲೆ ಎತ್ತಲಿಲ್ಲ. ‘ತೋಟದ ಶೆಡ್ಡಿನಲ್ಲಿ ಜಾರ್ಖಂಡಿನವರು ಇದ್ದಾರಲ್ಲ, ಗಂಡ ಹೆಂಡತಿ, ಒಂದು ಮಗು.’

‘ಅವರು ಬಾಡಿಗೆಗೆ ಬಂದವರಲ್ಲವಾ ಅತ್ತಿಗೆ, ಇವತ್ತಿದ್ದರೆ ನಾಳೆ ಇಲ್ಲ’ ಎಂದು ಯಾರೋ ಅಂದರು.

‘ಇವತ್ತು ಇದ್ದಾರಲ್ಲ. ಆ ತೋಡಿನ ನೀರನ್ನೇ ಕುಡಿಯುತ್ತಾರಲ್ಲ. ಬರಿ.’

ಅವರ ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೆಳೆಯ ಎದ್ದು ಚಪ್ಪಲಿ ಮೆಟ್ಟಿದ. ನಾನು ಟಾರ್ಚು ತೆಗೆದುಕೊಂಡೆ. ಹೆಸರು ಕೇಳಿ ಬರಲಿಕ್ಕೆ ಇಬ್ಬರೂ ತೋಟಕ್ಕೆ ಇಳಿದೆವು.